ಎಮ್ಮೆ ದೊಡ್ಡಿಗೆ ಬಂತೆ, ಎಮ್ಮೆದೊಡ್ಡಿಗೆ ಬಂತೆ?

ಪರೀಕ್ಷೆಯ ದಿನಗಳು ಹತ್ತಿರವಾದಂತೆಲ್ಲ ನಮ್ಮ ನಡುಮನೆಗಳಲ್ಲಿ ಕೇಳಿಬರುವ ಮಾತು ಒಂದೇ. ಮಗ ಇಂಗ್ಲಿಷ್ ಪುಸ್ತಕ ಹಿಡಿದು ಕುಳಿತಿರುವನು. ಕಚೇರಿಯಿಂದ ಬಂದ ತಂದೆ ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ, “ಇಲ್ಲಿ ಕಾಮಾ ಏಕೆ ಹಾಕಲಿಲ್ಲ?” ಎಂದು ಗದರುತ್ತಿರುವರು. ಅಡಿಗೆಮನೆಯಿಂದ ತಾಯಿ, “ಮೊದಲು ಅವನು ಊಟ ಮಾಡಲಿ, ಕಾಮಾ ಆಮೇಲೆ ಹಾಕಿಕೊಳ್ಳಲಿ” ಎನ್ನುತ್ತಿರುವರು. ಆ ತಂದೆಯನ್ನೇ ತಿರುಗಿಸಿ, “ಸ್ವಾಮಿ, ಅಲ್ಲಿ ಕಾಮಾ ಏಕೆ ಬೇಕು?” ಎಂದು ಕೇಳಿನೋಡಿ. ಬಹುಮಟ್ಟಿಗೆ ದೊರೆಯುವ ಉತ್ತರ: “ಅಲ್ಲಿ ಉಸಿರು ತೆಗೆದುಕೊಳ್ಳಬೇಕಲ್ಲವೆ!”

ಈ ಉಸಿರಿನ ಲೆಕ್ಕ ಇಂದು ನಿನ್ನೆಯದಲ್ಲ. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರೆಯವರ ಪ್ರಸಿದ್ಧ ಇಂಗ್ಲಿಷ್ ವ್ಯಾಕರಣದಲ್ಲಿ ಅದನ್ನು ಮಗ್ಗಿಯಂತೆ ಬರೆದಿಟ್ಟಿದ್ದಾರೆ. ಕಾಮಾ ಎಂಬುದು ಅತ್ಯಂತ ಕಿರಿಯ ನಿಲುಗಡೆ. ಸೆಮಿಕೋಲನ್ ಅದರ ಇಮ್ಮಡಿ. ಕೋಲನ್ ಅದರ ಇಮ್ಮಡಿ. ಫುಲ್‌ಸ್ಟಾಪ್ ಇನ್ನೂ ಇಮ್ಮಡಿ. ಅಂದರೆ ಒಂದು ಪೂರ್ಣವಿರಾಮಕ್ಕೆ ಎಂಟು ಅಲ್ಪವಿರಾಮಗಳಷ್ಟು ಹೊತ್ತು ಬಾಯಿ ಮುಚ್ಚಿರಬೇಕು. ಅಷ್ಟು ಹೊತ್ತು ಸುಮ್ಮನಿರಬಲ್ಲ ಭಾಷಣಕಾರರನ್ನು ನಾವಂತೂ ಇದುವರೆಗೆ ಕಂಡಿಲ್ಲ. ಗಟ್ಟಿಯಾಗಿ ಓದುವವನಿಗೆ ಈ ಲೆಕ್ಕದಿಂದ ಕೊಂಚ ಉಪಯೋಗವಿರಬಹುದು; ಬರೆಯುವವನಿಗೆ ಇದರಿಂದ ಅಪಾಯವೇ ಹೆಚ್ಚು. ಇಂದಿನ ಇಂಗ್ಲಿಷಿನಲ್ಲಿ ಈ ಚಿಹ್ನೆಗಳು ಮುಖ್ಯವಾಗಿ ನಿಲ್ಲುವುದು ವಾಕ್ಯದ ಕಟ್ಟನ್ನು ಅನುಸರಿಸಿ, ಶ್ವಾಸಕೋಶವನ್ನು ಅನುಸರಿಸಿ ಅಲ್ಲ.

ಇದು ಕೇವಲ ಪಂಡಿತರ ಜಗಳವಾಗಿದ್ದರೆ ಈ ಅಂಕಣದಲ್ಲಿ ಇದಕ್ಕೆ ಸ್ಥಳ ಕೊಡುತ್ತಿರಲಿಲ್ಲ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾರಂಭಿಸಿದರು. ಎಸ್.ಎಸ್.ಎಲ್.ಸಿ.ಗೆ ಬರುವ ಹೊತ್ತಿಗೆ ಮಗು ಹತ್ತು ವರ್ಷ ಆ ಭಾಷೆಯೊಡನೆ ಒಡನಾಡಿರುತ್ತದೆ. ಆದರೂ, ಅಂಚಿನಲ್ಲಿ ನಿಂತ ವಿದ್ಯಾರ್ಥಿಗೆ ಒಂದೆರಡು ಅಂಕಗಳು ಹೋಗುವುದು ಇಂತಹ ಸಣ್ಣ ಚುಕ್ಕೆಗಳಲ್ಲಿಯೇ. ಮುಂದೆ ನೌಕರಿಗಾಗಿ ಬರೆಯುವ ಪರೀಕ್ಷೆಗಳಲ್ಲಿಯೂ ಇಂಗ್ಲಿಷ್ ಪತ್ರಿಕೆ ಹೊಸ್ತಿಲಂತೆ ಅಡ್ಡ ನಿಂತಿರುವುದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಇಂಗ್ಲಿಷ್ ಪತ್ರಿಕೆಯಲ್ಲಿ ಶೇಕಡ 25 ಬಾರದಿದ್ದರೆ, ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅವು ಲೆಕ್ಕಕ್ಕೆ ಬಾರವು. ನಗರದ ಮಕ್ಕಳಿಗೆ ಮನೆಪಾಠದವರಿದ್ದಾರೆ. ಊರಿನ ಮಕ್ಕಳ ಗತಿ ಏನು?

ಊರು ಎಂದೊಡನೆ ನಮಗೆ ನೆನಪಾದುದು ಎಮ್ಮೆದೊಡ್ಡಿ. ಕಡೂರು ತಾಲ್ಲೂಕಿನಲ್ಲಿ, ಹೆಸರಾಂತ ಮದಗದ ಕೆರೆಯ ಆಸುಪಾಸಿನಲ್ಲಿರುವ ಹಳ್ಳಿ ಅದು. ದನಗಳ ಸೀಮೆ, ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವ ಅಜ್ಜಂಪುರವೂ ಇದೇ ಜಿಲ್ಲೆಯದು. ಊರಿನ ಹೆಸರಿನಲ್ಲಿಯೇ ಎಮ್ಮೆಯೂ ಇದೆ, ಎಮ್ಮೆಯನ್ನು ಕೂಡುವ ದೊಡ್ಡಿಯೂ ಇದೆ. ಈ ಹೆಸರನ್ನು ಹಿಡಿದು ಎರಡು ವಾಕ್ಯಗಳನ್ನು ಬರೆಯೋಣ. “ಎಮ್ಮೆ ದೊಡ್ಡಿಗೆ ಬಂತು.” “ಎಮ್ಮೆದೊಡ್ಡಿಗೆ ಬಂತು.” ಮೊದಲನೆಯದರಲ್ಲಿ ಸಂಜೆಯಾಯಿತು, ಮೇಯಲು ಹೋದ ಎಮ್ಮೆ ತನ್ನ ದೊಡ್ಡಿಗೆ ಮರಳಿತು. ಎರಡನೆಯದರಲ್ಲಿ ಏನು ಬಂತೆಂದು ಹೇಳಿಲ್ಲ. ಬಸ್ಸೋ, ಮಳೆಯೋ, ವಿದ್ಯುತ್ತೋ ಆ ಊರಿಗೆ ಬಂದಿತು. ಎರಡಕ್ಕೂ ಇರುವ ವ್ಯತ್ಯಾಸ ಒಂದು ಬೆರಳಿನಷ್ಟೂ ಇಲ್ಲದ ತೆರಪು. ಆ ತೆರಪೇ ಎಲ್ಲಕ್ಕಿಂತ ಹಿರಿಯ ಲೇಖನ ಚಿಹ್ನೆ. ಎಮ್ಮೆದೊಡ್ಡಿಯ ಯಾವ ಮಗುವೂ ಇದರಲ್ಲಿ ತಪ್ಪುವುದಿಲ್ಲ. ಮಾತಿನ ಓಟದಲ್ಲಿಯೇ ಅದಕ್ಕೆ ಇದು ಗೊತ್ತು.

ಇಂಗ್ಲಿಷಿನಲ್ಲಿ ಬರೆಯುವಾಗ ಊರಿನ ಹೆಸರಿಗೆ ದೊಡ್ಡಕ್ಷರದ ಕಿರೀಟವೂ ಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಅರಸನಿಗೂ ಆಳಿಗೂ ಒಂದೇ ಅಳತೆಯ ಅಕ್ಷರ. (ಈ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಕೆಲವರು ‘ಇ’ ಅಕ್ಷರದಿಂದಲೂ ಕೆಲವರು ‘ವೈ’ ಅಕ್ಷರದಿಂದಲೂ ಆರಂಭಿಸುವರು. ಯಾವ ಅಕ್ಷರಕ್ಕೆ ಕಿರೀಟ ತೊಡಿಸಬೇಕೆಂಬುದೇ ಬೇರೊಂದು ಚರ್ಚೆ.)

ಕನ್ನಡದಲ್ಲಿ ಇಷ್ಟು ಚಿಹ್ನೆಗಳು ಮೊದಲಿನಿಂದಲೂ ಇದ್ದವೆ? ಎಮ್ಮೆದೊಡ್ಡಿಯಿಂದ ಬಹುದೂರವೇನೂ ಇಲ್ಲದ, ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ದೇವಾಲಯವನ್ನು ನೋಡಿರುವರು. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಯ ದೊಡ್ಡ ಶಿಲಾಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ನಮ್ಮ ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಪದಪದದ ನಡುವೆ ತೆರಪಿಲ್ಲ, ಕಾಮಾ ಇಲ್ಲ, ಪ್ರಶ್ನಚಿಹ್ನೆ ಇಲ್ಲ. ಹೆಚ್ಚೆಂದರೆ ಪದ್ಯ ಮುಗಿದೆಡೆಯಲ್ಲಿ ಒಂದೆರಡು ನಿಲುಗೆರೆಗಳಿರುವುದುಂಟು. ಇದೇ ಜನ್ನನ ಸೋದರಳಿಯನಾದ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ಸಂಧಿಯಿಂದ ಹಿಡಿದು ಅವ್ಯಯದವರೆಗೆ ಕನ್ನಡದ ಎಲ್ಲ ಅಂಗಾಂಗಗಳನ್ನು ಬಿಡಿಸಿಟ್ಟ ಆ ಮಹಾವೈಯಾಕರಣನು ಲೇಖನ ಚಿಹ್ನೆಗಳಿಗೆಂದು ಒಂದು ಪ್ರಕರಣವನ್ನೂ ಮೀಸಲಿಡಲಿಲ್ಲ. ಅವನಿಗೆ ಅದು ಬೇಕಾಗಿರಲಿಲ್ಲ.

ಏಕೆ ಬೇಕಾಗಿರಲಿಲ್ಲ ಎಂಬುದರಲ್ಲಿಯೇ ನಮ್ಮ ಮಕ್ಕಳ ಕಷ್ಟದ ಬೇರೂ ಇದೆ, ಅದರ ಪರಿಹಾರವೂ ಇದೆ. ಇಂಗ್ಲಿಷ್ ಭಾಷೆ ಚುಕ್ಕೆಗಳಿಂದ ಮಾಡಿಸುವ ಎಷ್ಟೋ ಕೆಲಸವನ್ನು ಕನ್ನಡವು ಪ್ರತ್ಯಯಗಳಿಂದ ಮಾಡಿಸುತ್ತದೆ. “ಬಂದನು” ಎಂದರೆ ಹೇಳಿಕೆ, “ಬಂದನೇ” ಎಂದರೆ ಪ್ರಶ್ನೆ. ಪ್ರಶ್ನಚಿಹ್ನೆ ಕೊನೆಯ ಸ್ವರದಲ್ಲಿಯೇ ಅಡಗಿದೆ. “ಅಕ್ಕನೂ ತಂಗಿಯೂ ತಮ್ಮನೂ” ಎನ್ನುವಾಗ ಪಟ್ಟಿಯ ಕಾಮಾಗಳನ್ನು ‘ಊ’ ಎಂಬ ಒಂದು ಅಕ್ಷರ ನುಂಗಿಕೊಂಡಿದೆ. ಇನ್ನೊಬ್ಬರ ಮಾತನ್ನು ಹೇಳಿ ಕೊನೆಯಲ್ಲಿ “ಎಂದು” ಸೇರಿಸಿದರೆ ಅದೇ ಉದ್ಧರಣ ಚಿಹ್ನೆ. ಆ ಮಾತು ಎಲ್ಲಿ ಆರಂಭವಾಯಿತೆಂಬುದನ್ನು ಕನ್ನಡವು ಕೇಳುಗನ ಬುದ್ಧಿಗೆ ಬಿಡುತ್ತದೆ, ಎಲ್ಲಿ ಮುಗಿಯಿತೆಂಬುದನ್ನು ಮಾತ್ರ ಸಾರುತ್ತದೆ. 1817ರಲ್ಲಿ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮುದ್ರಣವಾಯಿತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಟಿತು. ಆ ಶತಮಾನದ ಮುದ್ರಣದ ಹಾದಿಯಲ್ಲಿ ಇಂಗ್ಲಿಷಿನ ಚಿಹ್ನೆಗಳು ಕನ್ನಡದೊಳಗೆ ನೆಲೆಯೂರಿದವು. ಬಂದ ನೆಂಟರು ಮನೆಯವರೇ ಆದರು. ಈಗ ಅವರಿಲ್ಲದೆ ಈ ಅಂಕಣವನ್ನೂ ಬರೆಯಲಾಗದು. ಆದರೆ ಅವರು ಬರುವ ಮೊದಲೂ ಸಂಸಾರ ಸುಸೂತ್ರವಾಗಿ ನಡೆದಿತ್ತೆಂಬುದನ್ನು ಮರೆಯಬಾರದು.

ಈಗ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಚಿಹ್ನೆಗೆ ಬರೋಣ: ಅಕ್ಷರದ ನೆತ್ತಿಯ ಬಳಿ ತೂಗುವ ಬಾಲದ ಚುಕ್ಕೆ, ಅಪಾಸ್ಟ್ರಫಿ. “ಬಾಯ್ಸ್” ಎಂದು ಗಟ್ಟಿಯಾಗಿ ಹೇಳಿ. ಇಂಗ್ಲಿಷ್ ಕಿವಿಗೆ ಅದು ಮೂರು ಬಗೆ: ಚುಕ್ಕೆ ಇಲ್ಲದ್ದು, ‘ಎಸ್’ ಅಕ್ಷರಕ್ಕೆ ಮೊದಲು ಚುಕ್ಕೆ ಇರುವುದು, ‘ಎಸ್’ ಆದಮೇಲೆ ಚುಕ್ಕೆ ಇರುವುದು. ಉಚ್ಚಾರಣೆ ಮೂರಕ್ಕೂ ಒಂದೇ. ಉಸಿರಿನ ಲೆಕ್ಕ ಇಲ್ಲಿ ಏನನ್ನೂ ಹೇಳಲಾರದು. ಆದರೆ ಕನ್ನಡದಲ್ಲಿ ಇವು ಮೂರು ಬೇರೆ ಬೇರೆ ಮಾತುಗಳು: ಹುಡುಗರು, ಹುಡುಗನ, ಹುಡುಗರ. ಆದುದರಿಂದ ಮಗುವಿಗೆ ನಿಯಮವನ್ನು ಉರು ಹೊಡೆಸುವ ಮೊದಲು, “ಇದನ್ನು ಕನ್ನಡದಲ್ಲಿ ಹೇಳು, ಮಗು” ಎನ್ನಿ. “ಹುಡುಗರು” ಎಂದಿತೆ? ಚುಕ್ಕೆ ಬೇಡ. “ಹುಡುಗನ” ಎಂದಿತೆ? ‘ಎಸ್’ ಅಕ್ಷರಕ್ಕೆ ಮೊದಲು. “ಹುಡುಗರ” ಎಂದಿತೆ? ‘ಎಸ್’ ಅಕ್ಷರದ ನಂತರ. ಷಷ್ಠೀ ವಿಭಕ್ತಿಯನ್ನು ತಾಯಿಯ ಮಡಿಲಿನಲ್ಲಿಯೇ ಕಲಿತ ಮಗುವಿಗೆ ಇದರಲ್ಲಿ ಹೊಸತೇನೂ ಇಲ್ಲ.

“ಹಾಗಾದರೆ ‘ಮಕ್ಕಳ’ ಎಂಬುದಕ್ಕೆ?” ಎಂದು ಚುರುಕಾದ ಹುಡುಗಿ ಕೇಳಿಯೇ ಕೇಳುವಳು. ‘ಚಿಲ್ಡ್ರನ್’ ಎಂಬುದು ಬಹುವಚನವಾದರೂ ಅದರ ಕೊನೆಯಲ್ಲಿ ‘ಎಸ್’ ಇಲ್ಲ. ಆದುದರಿಂದ ಒಡೆಯರ ಹೆಸರನ್ನು ಮೊದಲು ಪೂರ್ತಿಯಾಗಿ ಬರೆದುಕೊಳ್ಳಬೇಕು, ಅದು ಮುಗಿದೆಡೆಯಲ್ಲಿ ಚುಕ್ಕೆ ಇಡಬೇಕು, ಬಳಿಕ ‘ಎಸ್’ ಸೇರಿಸಬೇಕು. ಒಡೆಯರ ಹೆಸರೇ ಬಹುವಚನದ ‘ಎಸ್’ ಹೊತ್ತಿದ್ದರೆ ಮಾತ್ರ ಇನ್ನೊಂದು ಬೇಡ. ನಿಯಮ ಇಷ್ಟೇ.

‘ಇಟ್ಸ್’ ಎಂಬ ಮಾತಿನಲ್ಲಿ ಮಾತ್ರ ಇಂಗ್ಲಿಷ್ ತನ್ನ ನಿಯಮವನ್ನು ತಾನೇ ಮುರಿಯುವುದು. “ಅದರ” ಎಂಬ ಅರ್ಥದಲ್ಲಿ ಚುಕ್ಕೆ ಇಲ್ಲ. “ಅದು ಆಗಿದೆ” ಎಂಬ ಅರ್ಥದಲ್ಲಿ ಇದೆ. ‘ಹಿಸ್’ ಎಂಬುದರಲ್ಲಿ ಯಾರಾದರೂ ಚುಕ್ಕೆ ಇಡುವರೆ? ‘ಇಟ್ಸ್’ ಕೂಡ ಅದೇ ಸರ್ವನಾಮದ ಕುಲದ್ದು ಎಂದು ಹೇಳಿದರೆ ನೆನಪಿರುವುದು. ಇಲ್ಲಿ ನಮ್ಮ ಮಕ್ಕಳು ಎಡವಿದರೆಂದು ತಲೆ ತಗ್ಗಿಸಬೇಕಾಗಿಲ್ಲ. ಆ ಭಾಷೆಯಲ್ಲಿಯೇ ಹುಟ್ಟಿದವರು ಇದರಲ್ಲಿ ಎಡವುವರೆಂದು ಲಿನ್ ಟ್ರಸ್ ಎಂಬ ಆಂಗ್ಲ ಲೇಖಕಿ 2003ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಚುಕ್ಕೆಗಳ ಮೇಲಿನ ಆ ಪುಸ್ತಕ ಕಾದಂಬರಿಗಳನ್ನು ನಾಚಿಸುವಂತೆ ಮಾರಾಟವಾಯಿತು.

ಕನ್ನಡದ ಊರುಗೋಲು ಎಲ್ಲ ಕಡೆಯೂ ಆಸರೆಯಾಗುವುದೆಂದು ಹೇಳಿದರೆ ಮಾತ್ರ ಅದು ಅಭಿಮಾನದ ಮಾತಾದೀತು. ಕೆಲವೆಡೆ ಅದೇ ಕಾಲಿಗೆ ತೊಡರುವುದು. ಎಮ್ಮೆದೊಡ್ಡಿಯ ಹುಡುಗಿಯೊಬ್ಬಳ ಬೆಳಗನ್ನು ಊಹಿಸಿಕೊಳ್ಳಿ. “ಎದ್ದು, ಮುಖ ತೊಳೆದು, ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಡೈರಿಗೆ ಹಾಕಿ ಬಂದು, ಬಸ್ಸು ಹತ್ತಿ ಶಾಲೆಗೆ ಹೋದಳು.” ಎಷ್ಟು ಸೊಗಸಾದ ವಾಕ್ಯ! ಆರು ಕೆಲಸಗಳು ಅಪೂರ್ಣ ಕ್ರಿಯಾಪದಗಳಾಗಿ ಸಾಲಾಗಿ ಬಂದು ಕೊನೆಯ “ಹೋದಳು” ಎಂಬ ಒಂದೇ ಗೂಟಕ್ಕೆ ಕಟ್ಟಿಕೊಂಡಿವೆ. ಇದನ್ನೇ ಇಂಗ್ಲಿಷಿಗೆ ತಿರುಗಿಸುವಾಗ ಆಕೆ ಪ್ರತಿಯೊಂದು ಕೆಲಸಕ್ಕೂ “ಅವಳು ಎದ್ದಳು”, “ಅವಳು ತೊಳೆದಳು” ಎಂದು ಪೂರ್ಣ ವಾಕ್ಯವನ್ನೇ ಬರೆದು, ನಡುವೆ ಕನ್ನಡದ ಅಭ್ಯಾಸದಂತೆ ಕಾಮಾ ಹಾಕುತ್ತ ಹೋಗುವಳು. ಅಧ್ಯಾಪಕರ ಕೆಂಪು ಮಸಿ ಹರಿಯುವುದು ಅಲ್ಲಿಯೇ. ಕರ್ತೃವೂ ಪೂರ್ಣ ಕ್ರಿಯಾಪದವೂ ಇರುವ ಎರಡು ವಾಕ್ಯಗಳನ್ನು ಬೆಸೆಯುವ ಶಕ್ತಿ ಇಂಗ್ಲಿಷ್ ಕಾಮಾಗೆ ಒಂಟಿಯಾಗಿ ಇಲ್ಲ. ಒಂದೋ ಪೂರ್ಣವಿರಾಮ ಬೇಕು, ಇಲ್ಲವೆ ಸೆಮಿಕೋಲನ್ ಬೇಕು, ಇಲ್ಲವೆ ಕಾಮಾದ ಜೊತೆಗೆ ‘ಅಂಡ್’, ‘ಬಟ್’ ಮೊದಲಾದ ಒಂದು ಜೋಡಿಸುವ ಪದ ಬೇಕು. “ಅವಳು” ಎಂಬುದನ್ನು ಒಮ್ಮೆ ಮಾತ್ರ ಹೇಳಿ ಕ್ರಿಯಾಪದಗಳನ್ನು ಸಾಲಾಗಿ ಜೋಡಿಸಿದರೆ ಕಾಮಾಗಳು ನಿರಾತಂಕವಾಗಿ ನಿಲ್ಲುವುವು. ಆ ಹುಡುಗಿಗೆ ವಾಕ್ಯರಚನೆ ಬಾರದೆಂದಲ್ಲ. ಆಕೆಯ ಭಾಷೆಯಲ್ಲಿ ಗೂಟ ಒಂದೇ, ಇನ್ನೊಂದರಲ್ಲಿ ಹಲವು. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಅರ್ಧ ಗಂಟೆಯ ಕೆಲಸ. ತೋರಿಸದೆ ಬರಿಯ ಗೆರೆ ಎಳೆದರೆ ಹತ್ತು ವರ್ಷವಾದರೂ ತಿಳಿಯದು.

ಇಷ್ಟು ಸಣ್ಣ ಗೆರೆಗೆ ಇಷ್ಟು ದೊಡ್ಡ ಮಾತೇಕೆ ಎನ್ನುವವರು ನ್ಯಾಯಾಲಯಗಳತ್ತ ನೋಡಬೇಕು. ಅಮೆರಿಕದ ಮೇನ್ ಸಂಸ್ಥಾನದಲ್ಲಿ ಹೆಚ್ಚುವರಿ ದುಡಿಮೆಯ ಕೂಲಿ ಯಾವ ಕೆಲಸಗಳಿಗೆ ಇಲ್ಲ ಎಂಬ ಪಟ್ಟಿ ಕಾಯಿದೆಯಲ್ಲಿತ್ತು. ಅದರ ಕೊನೆಯ ಭಾಗವನ್ನು, ‘ಸಾಗಣೆ’ ಎಂಬ ಪದದ ನಂತರ ಕಾಮಾ ಇಲ್ಲದಿದ್ದುದರಿಂದ, ಎರಡು ಬಗೆಯಾಗಿ ಓದಬಹುದಿತ್ತು: “ಸಾಗಣೆಗಾಗಿ ಕಟ್ಟುವುದು, ಹಂಚುವುದು” ಎಂದು ಎರಡು ಕೆಲಸಗಳಾಗಿ, ಅಥವಾ “ಸಾಗಣೆಗಾಗಿಯಾಗಲಿ ಹಂಚಿಕೆಗಾಗಿಯಾಗಲಿ ಕಟ್ಟುವುದು” ಎಂದು ಒಂದೇ ಕೆಲಸವಾಗಿ. ಓಕ್‌ಹರ್ಸ್ಟ್ ಡೈರಿಯ ಹಾಲು ಹಂಚುವ ವಾಹನ ಚಾಲಕರು, “ನಾವು ಹಂಚುವವರು, ಕಟ್ಟುವವರಲ್ಲ, ಪಟ್ಟಿ ನಮಗೆ ಅನ್ವಯಿಸದು” ಎಂದು ವಾದಿಸಿದರು. 2017ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಚಾಲಕರ ಕಡೆಗೆ ಒಲಿಯಿತು. ಮರುವರ್ಷ ವ್ಯಾಜ್ಯವು ಐವತ್ತು ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಶಾಸನಸಭೆಯವರು ಆ ಪಟ್ಟಿಯಲ್ಲಿದ್ದ ಕಾಮಾಗಳನ್ನು ಕಿತ್ತು ಸೆಮಿಕೋಲನ್‌ಗಳನ್ನು ನೆಟ್ಟರು. ಮೇಲಿನ ಎರಡು ಕನ್ನಡ ರೂಪಗಳನ್ನು ಮತ್ತೊಮ್ಮೆ ನೋಡಿ. ಕನ್ನಡದಲ್ಲಿ ಆ ಕಾಯಿದೆಯನ್ನು ಬರೆದಿದ್ದರೆ ವಕೀಲರಿಗೆ ಕೆಲಸವೇ ಇರುತ್ತಿರಲಿಲ್ಲ.

ನಮ್ಮ ದೇಶದಲ್ಲಿಯೂ ಇಂತಹುದು ನಡೆದಿದೆ. ಔಷಧಗಳ ಕಾಯಿದೆಯಲ್ಲಿ ‘ದಾಸ್ತಾನಿಡುವುದು ಅಥವಾ ಪ್ರದರ್ಶಿಸುವುದು’ ಎಂಬ ಮಾತುಗಳ ಕೊನೆಗೆ ‘ಮಾರಾಟಕ್ಕಾಗಿ’ ಎಂಬ ಅರ್ಥದ ಪದಗಳು ಇಂಗ್ಲಿಷಿನಲ್ಲಿ ಬರುವುವು. ಔಷಧವನ್ನು ಸುಮ್ಮನೆ ಇಟ್ಟುಕೊಂಡಿದ್ದರೂ ಅಪರಾಧವೆ, ಮಾರಾಟಕ್ಕೆಂದು ಇಟ್ಟುಕೊಂಡರೆ ಮಾತ್ರ ಅಪರಾಧವೆ? 1979ರ ಕಾನೂನು ವರದಿಗಳಲ್ಲಿ ಅಚ್ಚಾದ, ಮಹಾರಾಷ್ಟ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ‘ದಾಸ್ತಾನು’ ಎಂಬರ್ಥದ ಪದದ ಮುಂದೆ ಕಾಮಾ ಇಲ್ಲದಿರುವುದನ್ನು ಎತ್ತಿ ಹೇಳಿ, ಎರಡೂ ಕೆಲಸಗಳು ಮಾರಾಟದ ಉದ್ದೇಶಕ್ಕೆ ಕಟ್ಟುಬಿದ್ದಿವೆಯೆಂದು ತೀರ್ಮಾನಿಸಿತು. ಇಲ್ಲದ ಕಾಮಾವೊಂದು ಒಬ್ಬ ಮನುಷ್ಯನ ಬಿಡುಗಡೆಗೆ ಸಾಕ್ಷಿ ಹೇಳಿತು.

ಹೀಗಿರುವಾಗ ಮಕ್ಕಳಿಗೆ ನಾವು ಕೊಡುವ ಪರೀಕ್ಷೆ ಎಂತಹುದು? ಕನ್ನಡ ಪತ್ರಿಕೆಯಲ್ಲಿ, ‘ಇತರರು ಹೇಳಿದ ಮಾತನ್ನು ಬರೆಯುವಾಗ ಯಾವ ಚಿಹ್ನೆ ಬಳಸುವರು?’ ಎಂದು ನಾಲ್ಕು ಹೆಸರುಗಳನ್ನು ಕೊಟ್ಟು ಒಂದನ್ನು ಆರಿಸೆನ್ನುವರು. ವಾಕ್ಯವೇಷ್ಟನ, ಆವರಣ, ವಿವರಣಾತ್ಮಕ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದ ಮಗು ಅಂಕ ಪಡೆಯುವುದು. ಅದೇ ಮಗುವಿನ ಪತ್ರದಲ್ಲಿ ಉದ್ದಕ್ಕೂ ಒಂದು ಚಿಹ್ನೆ ಇಲ್ಲದಿರಬಹುದು. ಇಂಗ್ಲಿಷಿನ ಪಾಡು ಬೇರೆ. ಅಲ್ಲಿ ಬೋಳು ಪ್ಯಾರಾ ಒಂದನ್ನು ಕೊಟ್ಟು ಚಿಹ್ನೆ ಹಾಕಿರೆನ್ನುವರು. ಇದು ಒಳ್ಳೆಯ ಪರೀಕ್ಷೆಯೇ, ಆದರೆ ಮೌಲ್ಯಮಾಪಕರ ಕೈಯಲ್ಲಿ ಒಂದೇ ಉತ್ತರದ ಕೀಲಿ ಇರಬಾರದು. ಪಟ್ಟಿಯ ಕೊನೆಯ ‘ಅಂಡ್’ ಪದಕ್ಕೆ ಮೊದಲು ಕಾಮಾ ಬೇಕೆಂದು ಆಕ್ಸ್‌ಫರ್ಡ್ ಮುದ್ರಣಾಲಯದ ಸಂಪ್ರದಾಯ ಹೇಳುವುದು. ಬ್ರಿಟನ್ನಿನ ಬಹುಪಾಲು ಪತ್ರಿಕೆಗಳು ಬೇಡವೆನ್ನುವುವು. ಉದ್ಧರಣಕ್ಕೆ ಒಂಟಿ ಚಿಹ್ನೆಯೋ ಜೋಡಿ ಚಿಹ್ನೆಯೋ ಎಂಬುದರಲ್ಲಿ ಲಂಡನ್ನಿಗೂ ನ್ಯೂಯಾರ್ಕಿಗೂ ಒಮ್ಮತವಿಲ್ಲ. ದೊಡ್ಡವರೇ ಒಪ್ಪದ ವಿಷಯದಲ್ಲಿ ಕಡೂರಿನ ಹತ್ತನೆಯ ತರಗತಿಯ ಮಗುವಿನ ಅರ್ಧ ಅಂಕವನ್ನು ಕೊಯ್ಯುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಈಗ ಮನೆಮಂದಿಯೆಲ್ಲ ಕುಳಿತು ಮಾಡಬಹುದಾದ ಒಂದು ಪುಟ್ಟ ಪರೀಕ್ಷೆ. ತಂದೆಯವರೂ ಬರೆಯಬೇಕು, ಗದರುವ ಅಧಿಕಾರ ಗೆದ್ದವರಿಗೆ ಮಾತ್ರ. ಈ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ಚಿಹ್ನೆ ಹಾಕಿ. ಒಂದು: “ಹುಡುಗಿಯರ ವಿದ್ಯಾರ್ಥಿನಿಲಯ ಎಲ್ಲಿದೆ ಎಂದು ಆತನು ವಿಚಾರಿಸಿದನು.” ಎರಡು: “ಎಮ್ಮೆ ತನ್ನ ಕರುವನ್ನು ನೆಕ್ಕಿತು.” ಮೂರು: “ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ.” ನಾಲ್ಕು: “ಕಡೂರಿನಲ್ಲಿರುವ ನನ್ನ ತಂಗಿ ನಾಳೆ ಬರುವಳು.” ಬರೆದಾದಮೇಲೆ ಮಾತ್ರ ಮುಂದಕ್ಕೆ ಓದುವುದು.

ಮೊದಲನೆಯದರಲ್ಲಿ “ಹುಡುಗಿಯರ” ಎಂದಿರುವುದರಿಂದ ಚುಕ್ಕೆ ‘ಎಸ್’ ಅಕ್ಷರದ ನಂತರ. ಕೊನೆಯಲ್ಲಿ ಪ್ರಶ್ನಚಿಹ್ನೆ ಹಾಕಿದವರು ಸೋತರು. ವಿಚಾರಿಸಿದುದನ್ನು ವರದಿ ಮಾಡಿದೆಯೇ ಹೊರತು ಇಲ್ಲಿ ಯಾರೂ ಯಾರನ್ನೂ ಕೇಳುತ್ತಿಲ್ಲ, ಪೂರ್ಣವಿರಾಮವೇ ಸರಿ. ಎರಡನೆಯದರಲ್ಲಿ “ತನ್ನ” ಎಂಬುದಕ್ಕೆ ‘ಇಟ್ಸ್’ ಎಂದು ಬರೆದು ಚುಕ್ಕೆ ಇಟ್ಟರೆ “ಎಮ್ಮೆ ಅದು ಆಗಿದೆ ಕರುವನ್ನು ನೆಕ್ಕಿತು” ಎಂದಂತಾಗುವುದು. ಮೂರನೆಯದರಲ್ಲಿ ‘ಬಟ್’ ಪದಕ್ಕೆ ಮೊದಲು ಕಾಮಾ. ಎರಡು ಪೂರ್ಣ ವಾಕ್ಯಗಳಿವೆ, ಬೆಸೆಯುವ ಪದವೂ ಇದೆ. ‘ಬಟ್’ ಬಿಟ್ಟು ಕಾಮಾ ಒಂದನ್ನೇ ಹಾಕಿದವರು ಆ ಎದ್ದು ಮುಖ ತೊಳೆದ ಹುಡುಗಿಯ ಕಥೆಯನ್ನು ಇನ್ನೊಮ್ಮೆ ಓದಬೇಕು. ನಾಲ್ಕನೆಯದಕ್ಕೆ ಮಾತ್ರ ನಮ್ಮ ಬಳಿ ಉತ್ತರವಿಲ್ಲ. ಇಂಗ್ಲಿಷಿನಲ್ಲಿ “ಕಡೂರಿನಲ್ಲಿರುವ” ಎಂಬ ಭಾಗವು ತಂಗಿಯ ನಂತರ ಬರುವುದು. ಇರುವವಳು ಒಬ್ಬಳೇ ತಂಗಿಯಾದರೆ ಆ ಭಾಗದ ಎರಡು ಬದಿಗೂ ಕಾಮಾ ಬೇಕು. ಹಲವು ತಂಗಿಯರಲ್ಲಿ ಕಡೂರಿನವಳು ಯಾರೆಂದು ಗುರುತಿಸುವುದಾದರೆ ಒಂದೂ ಕೂಡದು. ಕನ್ನಡ ವಾಕ್ಯವು ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಬರೆದವರಿಗೆ ತಂಗಿಯರೆಷ್ಟು ಎಂಬುದನ್ನು ಮನೆಯಲ್ಲಿ ಅಜ್ಜಿಯವರನ್ನೇ ಕೇಳಿ, ಅನಂತರ ಅಂಕ ಕೊಡುವುದು.